ಟೊಂಕಕ್ಕೊಂದು ಪಟ್ಟಿ

ಕಲಬುರಗಿಯ ಸೇಡಂ ರಸ್ತೆಗೆ ತಾಗಿದ ಅಡ್ಡಸಾಲಿನಲ್ಲೊಂದು ಲೇಡೀಸ್ ಟೇಲರ್ ಅಂಗಡಿ. ಎರಡು ಮಷೀನು, ಒಂದು ಕಟಿಂಗ್ ಟೇಬಲ್ಲು, ಮೂವರು ಕೂತರೆ ನಾಲ್ಕನೆಯವರು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಜಾಗ. ಗುಲಬರ್ಗಾ ವಿಶ್ವವಿದ್ಯಾಲಯದ ಕಡೆ ಓಡುವ ಆಟೊಗಳ ಸದ್ದು ಮಷೀನಿನ ಸದ್ದಿನಲ್ಲಿ ಬೆರೆತುಹೋಗಿರುತ್ತದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಕಮಲಾಪುರದಿಂದ ಬಸ್ಸಿನಲ್ಲಿ ಬಂದ ಶಿಕ್ಷಕಿಯೊಬ್ಬರು ಚೀಲದಿಂದ ಮೂರು ರೆಡಿಮೇಡ್ ಟಾಪು, ಒಂದು ಅಗಲವಾದ ಕಂದು ಬೆಲ್ಟು ತೆಗೆದು ಟೇಬಲ್ಲಿನ ಮೇಲೆ ಹಾಕಿದರು. ಜೊತೆಗೆ ಅರ್ಧ ಡಜನ್ ಕೆಂಪು ಬಾಳೆಹಣ್ಣು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣಿನ ಊರಿನಿಂದ ಬರಿಗೈಯಲ್ಲಿ ಬರುವುದು ಹೇಗೆ?

"ಅಕ್ಕಾ, ಈ ಬೆಲ್ಟ್ ಇಟ್ಕೋಬೇಕೋ ವಾಪಸ್ ಕಳಿಸಬೇಕೋ ನೀವೇ ಹೇಳ್ರಿ. ಫೋನಿನ್ಯಾಗ ನೋಡಿ ತರಿಸಿದ್ದೆ. ಅದರಾಗ ಭಾಳ ಚಂದ ಕಾಣ್ತಿತ್ತು. ನಾ ಕಟ್ಕೊಂಡು ಕನ್ನಡಿ ಮುಂದ ನಿಂತ್ರ ತೊಗರಿ ಚೀಲಕ್ಕ ಹಗ್ಗ ಬಿಗಿದಂಗ ಕಾಣ್ಲತ್ತದ."

ಟೇಲರ್ ಅಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ನಕ್ಕರು. "ತೊಗರಿ ಚೀಲಕ್ಕ ನಡುವ ಯಾರು ಹಗ್ಗ ಕಟ್ತಾರ್ರೀ ಟೀಚರ್? ಬಾಯಿಗಿ ಕಟ್ತಾರ. ನಡುವ ಕಟ್ಟೋದು ಕಣಕಿ ಸಿವುಡಿಗಿ. ಕಟ್ಟಿದ ಸಿವುಡು ನೋಡೀರಿಲ್ಲ? ಮ್ಯಾಲೂ ಅರಳಿರ್ತದ, ಕೆಳಗೂ ಅರಳಿರ್ತದ. ಅದು ಹೊಲದಾಗ ನಿಂತ್ರ ಕಣ್ಣಿಗಿ ಎಷ್ಟು ಚಂದ!"

ಜೋಳ ಕೊಯ್ದ ಹೊಲದಲ್ಲಿ ದಂಟಿನ ಸಿವುಡು ಕಂಡವರಿಗೆ ಈ ಮಾತು ತಕ್ಷಣ ಹಿಡಿಯುತ್ತದೆ. ಇಂಗ್ಲಿಷಿನವರು ಮರಳು ಗಡಿಯಾರಕ್ಕೆ ಹೋಲಿಸುವ ಮೈಕಟ್ಟಿಗೆ ಕಲಬುರಗಿಯ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ಉಪಮೆ ಸಿಗುವುದು ಕಷ್ಟ. ಮರಳು ಗಡಿಯಾರವನ್ನು ಇಲ್ಲಿ ಕೈಯಲ್ಲಿ ಹಿಡಿದವರೆಷ್ಟು ಮಂದಿ?

ಅಕ್ಕ ಟೇಪು ಹಿಡಿದರು. ಎದೆ 46, ಟೊಂಕ 37, ಹಿಪ್ಪು 47. ಬರೆದುಕೊಂಡವರು ಪೆನ್ನು ಕಿವಿಗೆ ಸಿಕ್ಕಿಸಿ, "ನಿಮಗ ದಪ್ಪ ಆಗೀನಿ ಅನ್ನೋದೊಂದೇ ಗೊತ್ತದ. ಎದಿಗೂ ಟೊಂಕಕ್ಕೂ ಒಂಬತ್ತು ಇಂಚು ಫರಕು ಅದ ಅಂತ ಗೊತ್ತದ ಏನ?" ಎಂದು ಕೇಳಿದರು.

"ಇದ್ರ ಏನಾಯ್ತು?"

"ಏನಾಯ್ತು ಅಂದ್ರ? ಸಣ್ಣಾಗಿದ್ದೋರಿಗೂ ಎಲ್ಲಾರಿಗೂ ಇಷ್ಟು ಇರಂಗಿಲ್ರೀ."

ಅಕ್ಕನ ಟೇಪು ಹೇಳಿದ್ದನ್ನೇ ಯಂತ್ರವೂ ಹೇಳಿದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯವರು 6000ಕ್ಕೂ ಹೆಚ್ಚು ಹೆಂಗಸರ ಮೈಯನ್ನು ಸ್ಕ್ಯಾನ್ ಮಾಡಿ ಆಕಾರಗಳನ್ನು ವಿಂಗಡಿಸಿದ್ದರು. 2005ರಲ್ಲಿ ಅದು ಸುದ್ದಿಯಾಯಿತು. ಎದೆ ಮತ್ತು ಹಿಪ್ಪು ಹೆಚ್ಚುಕಡಿಮೆ ಸಮ, ಟೊಂಕ ಅವಕ್ಕಿಂತ 9-10 ಇಂಚು ಕಡಿಮೆ ಎಂಬುದು ಅವರ ಲೆಕ್ಕ. ಆ ಲೆಕ್ಕಕ್ಕೆ ಒಗ್ಗಿದವರು ನೂರಕ್ಕೆ 8 ಮಂದಿ. ಅಲ್ಲಿನ ಬಟ್ಟೆ ಕಂಪನಿಗಳು ಮಾತ್ರ ಹೆಂಗಸರೆಲ್ಲ ಅದೇ ಅಚ್ಚಿನಲ್ಲಿದ್ದಾರೆ ಎಂಬಂತೆ ಬಟ್ಟೆ ಹೊಲಿಯುತ್ತಿದ್ದವು. ಈ ಲೆಕ್ಕದಲ್ಲಿ ತೂಕದ ಮಾತೇ ಇಲ್ಲ. 34-25-35 ಆದರೂ ಅದೇ, 46-37-47 ಆದರೂ ಅದೇ.

ನಮ್ಮ ಶಿಲ್ಪಿಗಳ ಪರಿಭಾಷೆಯಲ್ಲಿ ಹೆಣ್ಣಿನ ನಡುವಿಗೆ ಡಮರುವಿನ ಹೋಲಿಕೆ. ಅವನೀಂದ್ರನಾಥ ಟ್ಯಾಗೋರರು 1914ರಲ್ಲಿ ಭಾರತೀಯ ಶಿಲ್ಪದ ಅಂಗರಚನೆ ಕುರಿತು ತಂದ ಪುಟ್ಟ ಪುಸ್ತಕದಲ್ಲಿ ಇದನ್ನು ಚಿತ್ರ ಬರೆದೇ ತೋರಿಸಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ಬುಡಬುಡಿಕೆಯವನ ಕೈಯಲ್ಲಿ ಆಡುವುದೂ ಅದೇ ಡಮರು. ಅದರ ನಡುವಿಗೂ ಒಂದು ಪಟ್ಟಿ ಸುತ್ತಿರುತ್ತದೆ.

ಶಿಕ್ಷಕಿಗೆ ಇನ್ನೂ ಸಮಾಧಾನವಿಲ್ಲ. "ಸಾಲ್ಯಾಗ ಎಲ್ಲಾರೂ ಹೇಳೋದು ಒಂದೇ. ಮೈ ತುಂಬಿದ್ದೋರು ಲೂಸ್ ಹಾಕ್ಬೇಕು, ಬೆಲ್ಟ್ ಅದು ಇದು ಸಣ್ಣಾಗಿದ್ದ ಹುಡುಗ್ಯಾರಿಗಿ."

"ಲೂಸ್ ಹಾಕಿದ್ರ ಮುಚ್ತದ ಅಂತಾರ ಹೌದಿಲ್ಲೋ? ಮುಚ್ಚೋದು ಟೊಂಕ ಒಂದೇ ನೋಡ್ರಿ. ಇಲ್ಲಿ ಬರ್ರಿ." ಅಕ್ಕ ನೀಲಿ ಟಾಪನ್ನು ಟೇಬಲ್ಲಿನ ಮೇಲೆ ಚಾಚಿ ಅಳೆದರು. ಎದೆ ಸುತ್ತು 48. ಟೊಂಕದ ಹತ್ತಿರ 46. "ಈ ಬಟ್ಟಿ ನಿಮ್ಮ ಎದಿ ಮ್ಯಾಲಿಂದ ಸೀದಾ ಇಳೀತದ, ಪರದಾ ಇಳಿದಂಗ. ನೋಡೋರ ಕಣ್ಣಿಗಿ ನೀವು ಮ್ಯಾಲಿಂದ ಕೆಳತನಕ 46. ನಿಮ್ಮ 37 ಎಲ್ಲೂ ಕಾಣಲೇ ಇಲ್ಲ. ಇದ್ದ ದಪ್ಪದ ಮ್ಯಾಲ ಇಲ್ಲದ ದಪ್ಪ ರೊಕ್ಕ ಕೊಟ್ಟು ತಂದೀರಿ."

ರೆಡಿಮೇಡಿನವರನ್ನು ಪೂರ್ತಿ ಬೈಯುವಂತಿಲ್ಲ. ಸಾವಿರ ಮೈಗೆ ಒಂದೇ ಕಟಿಂಗ್ ಹಾಕುವವನು ಎಲ್ಲರಿಗಿಂತ ಅಗಲವಾದ ಜಾಗ ನೋಡಿಯೇ ಕತ್ತರಿ ಆಡಿಸುತ್ತಾನೆ. ಅದೂ ಅಲ್ಲದೆ ಇಷ್ಟು ವರ್ಷ ನಮ್ಮ ಅಂಗಡಿಗಳ ಎಕ್ಸೆಲ್, ಡಬಲ್ ಎಕ್ಸೆಲ್‌ಗಳೆಲ್ಲ ಇಂಗ್ಲೆಂಡು, ಅಮೆರಿಕದ ಅಳತೆಪಟ್ಟಿಯಿಂದ ಎರವಲು ತಂದವು. ಭಾರತೀಯರದೇ ಅಳತೆ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ 'ಇಂಡಿಯಾಸೈಜ್' ಸಮೀಕ್ಷೆ ಘೋಷಣೆಯಾದದ್ದು 2018ರಲ್ಲಿ. ಆರು ನಗರಗಳು, 25,000 ಜನರ ಗುರಿ. ಬೆಂಗಳೂರೂ ಇತ್ತು, ಹೈದರಾಬಾದೂ ಇತ್ತು. ಕಲಬುರಗಿ ಇರಲಿಲ್ಲ. ಇಲ್ಲಿಯ ಹೆಂಗಸರು ಸದ್ಯಕ್ಕೆ ಅಡ್ಡಸಾಲಿನ ಟೇಪನ್ನೇ ನಂಬಬೇಕು.

"ಈಗ ಬೆಲ್ಟ್ ಎಲ್ಲಿ ಕಟ್ಕೊಂಡಿದ್ರಿ ತೋರಿಸ್ರಿ."

ಶಿಕ್ಷಕಿ ಕಂದು ಬೆಲ್ಟನ್ನು ಹೊಕ್ಕುಳಿನ ಕೆಳಗೆ, ಪ್ಯಾಂಟಿನ ಗುಂಡಿ ಬರುವ ಜಾಗದಲ್ಲಿ ಬಿಗಿದರು. ಹೊಟ್ಟೆ ಅದರ ಮೇಲೆ ಕೂತಿತು.

"ಅದು ಟೊಂಕ ಅಲ್ರೀ. ಅದು ಗಂಡಸರು ಪ್ಯಾಂಟ್ ಏರಿಸೋ ಜಾಗ. ಒಂದು ಕಡೆ ವಾಲ್ರಿ, ಬಿಂದಿಗಿ ಎತ್ಕೊಂಡಾಗ ವಾಲಿದಂಗ. ಎಲ್ಲಿ ಮಡಿಕಿ ಬಿತ್ತು? ಹಾಂ, ಅಲ್ಲಿ. ಹೊಕ್ಕಳಕಿಂತ ಎರಡು ಬಟ್ಟು ಮ್ಯಾಲ. ಅದೇ ನಿಮ್ಮ ಟೊಂಕ."

ಬೆಲ್ಟು ಮೇಲೇರಿತು. ಆದರೆ ಹೊಸ ತಕರಾರು ಹುಟ್ಟಿತು. ನಾಲ್ಕು ಇಂಚು ಅಗಲದ ಗಟ್ಟಿ ಬೆಲ್ಟಿನ ಮೇಲಂಚು ಎದೆಗೆ ತಾಗುತ್ತದೆ, ಕೆಳಂಚು ಹಿಪ್ಪಿಗೆ ಒತ್ತುತ್ತದೆ, ನಡುವೆ ಮಾತ್ರ ಗಾಳಿ ಆಡುತ್ತದೆ. ಅಕ್ಕ ಅಂಚಿನೊಳಗೆ ಬೆರಳು ತೂರಿಸಿ ತೋರಿಸಿದರು.

"ಗಡಿಗಿ ಕೊರಳಿಗಿ ಸೀದಾ ತಗಡು ಸುತ್ತಿ ನೋಡ್ರಿ, ಕೂಡ್ತದೇನ? ಕೊರಳು ಒಳಗ ಬಾಗಿರ್ತದ, ತಗಡು ಬಾಗಂಗಿಲ್ಲ. ನಿಮ್ಮ ಟೊಂಕನೂ ಹಂಗ. ಹೆಚ್ಚು ಬಳುಕು ಇದ್ದೋರಿಗಿ ಅಗಲ ಬೆಲ್ಟ್ ಬೇಕಂದ್ರ ಅದು ಕಮಾನಿನಂಗ ಕತ್ತರಿಸಿದ್ದಿರಬೇಕು, ಇಲ್ಲಾಂದ್ರ ಇಲಾಸ್ಟಿಕ್ ಇರಬೇಕು. ಗಟ್ಟಿ ಚರ್ಮದ್ದೇ ಬೇಕಂದ್ರ ಒಂದೂವರಿ ಇಂಚು, ಭಾಳ ಅಂದ್ರ ಎರಡು."

"ಫೋನಿನ್ಯಾಗ ಎಲ್ಲಾ ಅಗಲ ಬೆಲ್ಟೇ ತೋರಿಸ್ತಾರಲ್ಲ?"

"ಅವರ ಎದಿ ಮುಗಿದು ಟೊಂಕ ಸುರು ಆಗೋದ್ರಾಗ ಒಂದು ಗೇಣು ಇರ್ತದ. ನಿಮ್ಮದು ನೋಡ್ರಿ, ನಾಲ್ಕು ಬೆರಳು. ನಾಲ್ಕು ಬೆರಳಿನ ಜಾಗಕ್ಕ ನಾಲ್ಕು ಇಂಚಿನ ಬೆಲ್ಟ್ ಹಾಕಿದ್ರ ಮತ್ತೇನ ಉಳೀತು? ಇನ್ನೊಂದು ಮಾತು, ಒಳಗಿನ ಬ್ರಾ ಸೈಜ್ ಸರಿ ಇದ್ರ ಎದಿ ಒಂದು ಇಂಚು ಮ್ಯಾಲ ಏರ್ತದ, ಬೆಲ್ಟಿಗಿ ಜಾಗ ತಾನೇ ಆಗ್ತದ. ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ ಇದು."

ಇಷ್ಟು ಹೊತ್ತು ಮೂಲೆಯ ಸ್ಟೂಲಿನಲ್ಲಿ ಮೊಮ್ಮಗಳ ಕುಬಸಕ್ಕಾಗಿ ಕಾದು ಕೂತಿದ್ದ ಆಯಿಯೊಬ್ಬರು ಎಲೆಯಡಿಕೆ ಒಂದು ದವಡೆಗೆ ಸರಿಸಿದರು. ಎಂಬತ್ತರ ಹತ್ತಿರದ ವಯಸ್ಸು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ.

"ಯವ್ವಾ, ಅಷ್ಟು ಯಾಕ ಅಂಜ್ಲತ್ತಿ? ನಾ ನಿನಗಿಂತ ದಪ್ಪ ಇದ್ದೆ. ಡಾಬು ಹಾಕ್ಕೊಂಡೇ ಜಾತ್ರಿಗಿ ಹೋಗ್ತಿದ್ದೆ."

"ಬೆಳ್ಳೀದಾ ಆಯಿ?"

"ಮತ್ತೇನ ತಾಮ್ರದ್ದಾ? ತವರಿಂದ ತಂದಿದ್ದೆ. ಲಗ್ನದಾಗ ಟೊಂಕ ಹಿಡಿ ಅಷ್ಟಿತ್ತು. ಮೊದಲ ಹಡದ ಮ್ಯಾಲ ಕೂಡಲೇ ಇಲ್ಲ. ಪತ್ತಾರ ಮನಿಗೆ ಬಂದು ಎರಡು ಕೊಂಡಿ ಕೂಡಿಸಿದ. ಎರಡನೇದು ಹುಟ್ಟಿದಾಗ ಮತ್ತೊಂದು. ನಾಲ್ಕು ಹಡದೆ, ಡಾಬಿಗಿ ಐದು ಕೊಂಡಿ ಬಂದ್ವು. ನೀ ಸಣ್ಣಾಗು ಅಂತ ಪತ್ತಾರನೂ ಅನ್ಲಿಲ್ಲ, ನಮ್ಮತ್ತಿನೂ ಅನ್ಲಿಲ್ಲ."

ಮಷೀನು ಒಂದು ಗಳಿಗೆ ನಿಂತಿತು. ಇಡೀ ಮಧ್ಯಾಹ್ನದ ಮಾತಿನಲ್ಲಿ ಇದಕ್ಕೆ ಸರಿಸಮವಾದದ್ದು ಬರಲಿಲ್ಲ. ಡಾಬು, ನಡುಪಟ್ಟಿ, ಒಡ್ಯಾಣ ಎಂದು ಊರಿಗೊಂದು ಹೆಸರಿನ ಈ ಒಡವೆ ತುಂಬಿದ ಮೈಯವರಿಗೆ ನಿಷಿದ್ಧ ಎಂದು ಯಾವ ಅಜ್ಜಿಯೂ ಹೇಳಿದ್ದಿಲ್ಲ. ಟೊಂಕ ದೊಡ್ಡದಾದಷ್ಟೂ ಬೆಳ್ಳಿ ಹೆಚ್ಚು. ಬೆಳ್ಳಿ ಹೆಚ್ಚಾದಷ್ಟೂ ಮನೆತನದ ತೂಕ ಹೆಚ್ಚು. ಒಡವೆ ಮೈಯನ್ನು ಹಿಂಬಾಲಿಸುತ್ತಿತ್ತು. ಮೈ ಬೆಲ್ಟನ್ನು ಹಿಂಬಾಲಿಸಬೇಕು ಎಂಬುದು ಪ್ಯಾಕೆಟ್ಟಿನಲ್ಲಿ ಬಂದ ಹೊಸ ನಿಯಮ.

"ಈಗ ಎಲ್ಲಿ ಅದ ಡಾಬು?" ಶಿಕ್ಷಕಿ ಕೇಳಿದರು.

"ಎಪ್ಪತ್ತೆರಡರ ಬರದಾಗ ಜೋಳ ಆಗಿ ಹೋಯ್ತು," ಎಂದ ಆಯಿ ಎಲೆಯಡಿಕೆಗೆ ಮರಳಿದರು.

ಕಲಬುರಗಿ ಜಿಲ್ಲೆಯ ನೆಲದಲ್ಲಿ ಟೊಂಕದ ಪಟ್ಟಿಯ ಕಥೆ ಆಯಿಗಿಂತ ಬಹಳ ಹಳೆಯದು. ಭೀಮಾ ತೀರದ ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು 1990ರ ದಶಕದಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪ ಅಶೋಕನ ಹೆಸರು ಕೆತ್ತಿದ ಶಿಲ್ಪಕ್ಕಾಗಿ ಜಗತ್ತಿಗೆ ಪರಿಚಿತ. ಹೆಸರಿಲ್ಲದ ಹೆಂಗಸರೂ ಅಲ್ಲಿನ ಸುಣ್ಣಕಲ್ಲಿನ ಫಲಕಗಳಲ್ಲಿದ್ದಾರೆ, ಸಾಲು ಸಾಲು ಮಣಿಯ ಮೇಖಲೆ ತೊಟ್ಟು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರದೂ ಅದೇ ಅಲಂಕಾರ, ಅವರೂ ತುಂಬಿದ ಮೈಯವರೇ. ಒಂದು ಸೂಕ್ಷ್ಮವಿದೆ: ಮೇಖಲೆ ಕೂತಿರುವುದು ಟೊಂಕದಲ್ಲಲ್ಲ, ಅದರ ಕೆಳಗೆ, ಹಿಪ್ಪಿನ ಮೇಲೆ. ಶಿಕ್ಷಕಿ ಮೊದಲು ಬೆಲ್ಟು ಕಟ್ಟಿದ್ದ ಜಾಗಕ್ಕೆ ಶಿಲ್ಪಿಗಳ ಬೆಂಬಲ ಇತ್ತೆಂದಾಯಿತು! ಆದರೆ ಮದನಿಕೆಯರ ಟೊಂಕವನ್ನು ಮುಚ್ಚುವ ರೆಡಿಮೇಡ್ ಟಾಪು ಇರಲಿಲ್ಲವಲ್ಲ.

ಕಮಲಾಪುರದ ಸುತ್ತಲಿನ ತಾಂಡಾಗಳಿಗೆ ಹೋದರೆ ಇದರ ಇನ್ನೊಂದು ರೂಪ. ಲಂಬಾಣಿ ಹೆಂಗಸರ ಘೇರುದಾರ ಲಂಗದ ಮೇಲ್ಭಾಗಕ್ಕೆ ಅಗಲವಾದ ಕಸೂತಿ ಪಟ್ಟಿ. ಅದರ ಮೇಲೆ ಕನ್ನಡಿ, ಕವಡೆ, ನಾಣ್ಯ. ಎಲ್ಲಿ ಬಟ್ಟೆಯ ನೆರಿಗೆ ಒತ್ತಟ್ಟಿಗೆ ಬಂದು ಕೂಡುತ್ತದೋ ಅಲ್ಲೇ ಕಣ್ಣು ನಿಲ್ಲುವಂತೆ ಹೊಲಿಗೆ ಹಾಕುವ ಈ ಜಾಣ್ಮೆ ಯಾವ ಫ್ಯಾಷನ್ ಕಾಲೇಜಿನದೂ ಅಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಇನ್ನು ಪ್ಯಾರಿಸ್ಸಿನ ಮಾತು. ಯುದ್ಧಕಾಲದ ಬಟ್ಟೆ ರೇಷನ್ನಿನಿಂದ ಬೇಸತ್ತಿದ್ದ ಯುರೋಪಿನ ಮುಂದೆ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ 1947ರ ಫೆಬ್ರವರಿ 12ರಂದು ತನ್ನ ಮೊದಲ ಸಂಗ್ರಹ ಇಟ್ಟ. ಅದರ ಹೆಸರಾಂತ 'ಬಾರ್' ಜಾಕೆಟ್ಟಿನ ಗುಟ್ಟು ಏನೆಂದರೆ ಟೊಂಕ ಬಿಗಿ, ಹಿಪ್ಪಿಗೆ ಒಳಗಿನಿಂದ ಪ್ಯಾಡು. ಸೇಡಂ ರಸ್ತೆಯ ಟೇಪಿನಲ್ಲಿ 47 ಎಂದು ಬಂದದ್ದನ್ನು ಪ್ಯಾರಿಸ್ಸಿನವರು ಹತ್ತಿ ತುಂಬಿ ಮಾಡಿಕೊಂಡರು.

"ಬೆಲ್ಟ್ ಜಾಗಾ ಗೊತ್ತಾಯ್ತು, ಅಗಲ ಗೊತ್ತಾಯ್ತು. ಖರೆ ಈ ಒಟ್ಟಿದ ಬಟ್ಟಿಗಿ ಏನ ಮಾಡೋದು ಅಕ್ಕಾ? ಮುಂದ ಎಲ್ಲಾ ಗಂಟು ಗಂಟು ಆಗ್ಲತ್ತದ."

ಅಕ್ಕನ ಮುಖ ಅರಳಿತು. ಕಸುಬಿನ ಪ್ರಶ್ನೆ ಬಂದಿತ್ತು. "ಈಗ ಕೇಳಿದ್ರಿ ನೋಡ್ರಿ ಬರೋಬರಿ ಮಾತು. ಟಾಪ್ 46, ಟೊಂಕ 37. ಒಂಬತ್ತು ಇಂಚು ಹೆಚ್ಚಿಂದು. ಉಸಿರಾಡಲಿಕ್ಕ, ಕೂಡಲಿಕ್ಕ ನಾಲ್ಕು ಇಂಚು ಬೇಕೇ ಬೇಕು. ಉಳಿದ ಐದು ಇಂಚು ಎಲ್ಲಿ ಹೋಗಬೇಕು? ಬೆಲ್ಟ್ ಅದನ್ನ ಬರೇ ಒತ್ತಿ ಹಿಡೀತದ, ನುಂಗಂಗಿಲ್ಲ. ಅದಕ್ಕ ಬೆನ್ನಾಗ ಎರಡು ಟಕ್ಸ್ ಹಾಕ್ತೀನಿ, ಒಂದೊಂದರಾಗ ಒಂದೂವರಿ ಇಂಚು. ಮೂರು ಇಂಚು ಅಲ್ಲೇ ಹೋಯ್ತು. ಉಳಿದ ಎರಡನ್ನ ಬೆಲ್ಟ್ ಕಟ್ಟಿದ ಮ್ಯಾಲ ಕೈಲೆ ಎರಡೂ ಬಗಲಿಗಿ ಸರಿಸ್ರಿ. ಮುಂದ ಸಪಾಟ ಕಾಣಬೇಕು."

"ಮೂರಕ್ಕೂ ಹಾಕ್ತೀರೇನ್ರಿ?"

ಅಕ್ಕ ಮೂರನ್ನೂ ಮುಟ್ಟಿ ನೋಡಿದರು. ನೀಲಿ ರೇಯಾನು ಸರಿ, ನೆರಿಗೆ ಜಾರಿ ಬೀಳುತ್ತದೆ. ಹೂವಿನ ಜಾರ್ಜೆಟ್ಟು ಇನ್ನೂ ಸರಿ. ಮೂರನೆಯದು ಗಂಜಿ ಕುಡಿದ ದಪ್ಪ ಕಾಟನ್ನು. ಬೆಲ್ಟು ಬಿಗಿದರೆ ಅದರ ಮೇಲೊಂದು, ಕೆಳಗೊಂದು ಟೈರು ಕಟ್ಟಿದಂತೆ ಉಬ್ಬುತ್ತದೆ. "ಇದನ್ನ ಹಂಗೇ ಹಾಕ್ಕೋರಿ. ಎಲ್ಲಾದಕ್ಕೂ ಬೆಲ್ಟ್ ಕಟ್ಟಬೇಕಂತ ಸರ್ಕಾರಿ ಆರ್ಡರ್ ಏನ ಬಂದಿಲ್ಲ."

ಉಳಿದ ಎರಡರಲ್ಲೂ ಬೆಲ್ಟು ಕಟ್ಟಿದ ಕೂಡಲೇ ಇನ್ನೊಂದು ಕಂಡಿತು. ಟಾಪಿನ ಕೆಳ ಅಂಚು ಮುಂದುಗಡೆ ಒಂದೂವರೆ ಇಂಚು ಮೇಲೇರಿತ್ತು. ತುಂಬಿದ ಎದೆ ಮೊದಲೇ ಬಟ್ಟೆಯನ್ನು ಎತ್ತಿರುತ್ತದೆ; ಬೆಲ್ಟು ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಬಗಲ ಸ್ಲಿಟ್ಟುಗಳಂತೂ ಹಿಪ್ಪಿನ ಮೇಲೆ ಬಾಯಿ ತೆರೆದಿದ್ದವು. ಅಕ್ಕ ಸೀಮೆಸುಣ್ಣದಲ್ಲಿ ಗುರುತು ಮಾಡಿ ಎರಡೂ ಸ್ಲಿಟ್ಟುಗಳನ್ನು ಮೂರು ಇಂಚು ಕೆಳಗಿನವರೆಗೆ ಹೊಲಿಯುವುದಾಗಿ ಹೇಳಿದರು. ಬೆಲ್ಟಿನ ಜೊತೆ ಹಾಕುವ ಟಾಪು ಹೊಸದಾಗಿ ಹೊಲಿಸುವುದಾದರೆ ಸ್ಲಿಟ್ಟಿಲ್ಲದ ಎ-ಲೈನ್ ಒಳ್ಳೆಯದು, ಮುಂದುಗಡೆ ಎರಡು ಇಂಚು ಉದ್ದ ಹೆಚ್ಚಿಗೆ ಇಡಿಸಬೇಕು.

ಬಣ್ಣದ ಬಗ್ಗೆ ಮಾತು ಬೇಗ ಮುಗಿಯಿತು. ನೀಲಿಯ ಮೇಲೆ ಕಂದು ಎಂದರೆ ಮೈ ಎರಡು ತುಂಡು. ಎತ್ತರ ಕಡಿಮೆ ಇದ್ದವರು ಅದರಿಂದ ಇನ್ನೂ ಗಿಡ್ಡ ಕಾಣುತ್ತಾರೆ. ಶಿಕ್ಷಕಿ ಐದು ಅಡಿ ಎರಡು ಇಂಚು. ನೀಲಿಗೆ ಕಡು ನೀಲಿ ಸಾಕು, ಬಕ್ಕಲ್ ಬೇಕಾದರೆ ಮಿಂಚಲಿ.

"ಅಕ್ಕಾ, ಇದು ಬಸ್ಸಿನ್ಯಾಗ ಕೂತ್ರ ಚುಚ್ಚತದ. ದಿನಾ ಹೋಗ್ತಾ ಬರ್ತಾ ಎರಡು ತಾಸು ಬಸ್ಸಿನ್ಯಾಗೇ ಆಯ್ತು. ಟಿಕೇಟ್ ಫುಕ್ಕಟ ಅದ ಅಂತ ಸೀಟ್ ಏನ ದೊಡ್ಡದು ಮಾಡಿಲ್ಲ."

"ಅದಕ್ಕೇ ನಿಂತು ನೋಡಿ ಬೆಲ್ಟ್ ತಗೋಬಾರ್ದು. ಕೂತು ನೋಡ್ರಿ. ಕೂತಾಗ ಎರಡು ಬೆರಳು ಒಳಗ ಹೋಗಬೇಕು. ಊಟ ಆದ ಮ್ಯಾಲ ಒಂದು ತೂತು ಸಡಿಲ್ ಮಾಡ್ರಿ."

ಎರಡು ಬೆರಳಿನ ಲೆಕ್ಕ ಬರೀ ಆರಾಮಿನದಲ್ಲ. ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದ ಸಂಶೋಧಕರು ಬಿಗಿ ಬೆಲ್ಟು ಕಟ್ಟಿಸಿ ಪರೀಕ್ಷೆ ಮಾಡಿ, ಹೊಟ್ಟೆಯ ಮೇಲಿನ ಒತ್ತಡದಿಂದ ಆಮ್ಲ ಅನ್ನನಾಳದ ಕಡೆಗೆ ಏರುವುದನ್ನು ಕಂಡುಕೊಂಡಿದ್ದಾರೆ. 2014ರಲ್ಲಿ 'ಗಟ್' ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಗಿದೆ. ಇದೇ ಸೇಡಂ ರಸ್ತೆಯ ಮೇಲಿರುವ ಇಎಸ್‌ಐ ಆಸ್ಪತ್ರೆಗೆ ಎದೆಯುರಿ ಎಂದು ಹೋಗಿ ನಿಲ್ಲುವ ಮೊದಲು ಒಂದು ತೂತು ಸಡಿಲಿಸಿ ನೋಡಬಹುದು. ಮೇಲಾಗಿ ಕಲಬುರಗಿಯ ಬೇಸಿಗೆ 42-43 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಿನಲ್ಲಿ ರೆಕ್ಸಿನ್ನಿನ ಅಗಲ ಪಟ್ಟಿ ಸುತ್ತಿಕೊಂಡವರ ಟೊಂಕದಲ್ಲಿ ಸಂಜೆಗೆ ಬೆವರುಸಾಲೆಯ ಇನ್ನೊಂದು ಬೆಲ್ಟು ಮೂಡಿರುತ್ತದೆ. ಈ ವಿಷಯ ಮಾಡೆಲ್ಲುಗಳ ಫೋಟೊದಲ್ಲಿ ಇರುವುದಿಲ್ಲ.

"ಹಂಗಾದ್ರ ಇದನ್ನ ವಾಪಸ್ ಕಳಸ್ಲಾ?"

"ಕಳಸ್ರಿ. ನಾ ಬಟ್ಟೀದು ಮಾಡಿ ಕೊಡ್ತೀನಿ. ಎರಡು ಇಂಚು ಅಗಲ, ಒಳಗ ಕ್ಯಾನ್ವಾಸ್, ಕಮಾನ್ ಕಟಿಂಗ್, ಬೆನ್ನಾಗ ನಾಲ್ಕು ಇಂಚು ಇಲಾಸ್ಟಿಕ್. ಮ್ಯಾಲ ಗುಳೇದಗುಡ್ಡದ ಖಣದ ತುಂಡು ಹಚ್ಚಿದ್ರ ಯಾರ ಹತ್ರನೂ ಇರಂಗಿಲ್ಲ. ಬಕ್ಕಲ್ ಸೂಪರ್ ಮಾರ್ಕೆಟಿನ್ಯಾಗ ಸಿಗ್ತದ. ಟಾಪಿಗಿ ಬಗಲಾಗ ದಾರದ ಲೂಪ್ ಹಾಕ್ತೀನಿ, ಬೋರ್ಡ್ ಮ್ಯಾಲ ಬರಿಯಾಗ ಕೈ ಎತ್ತಿದ್ರ ಬೆಲ್ಟ್ ಏರಂಗಿಲ್ಲ."

"ಓಢಣಿ?"

"ಒಂದು ಹೆಗಲ ಮ್ಯಾಲಿಂದ ಸೀದಾ ಇಳಿಸಿ ಬೆಲ್ಟಿನ್ಯಾಗ ಸಿಕ್ಕಿಸ್ರಿ. ಎರಡೂ ಕೈ ಖುಲ್ಲಾ."

"ಹೊಲದಾಗ ನಾವು ಸೆರಗು ಟೊಂಕಕ್ಕ ಸಿಕ್ಕಿಸ್ತಿದ್ದಿವಲ್ಲ, ಅದೇ," ಎಂದರು ಆಯಿ ಮೂಲೆಯಿಂದ.

ಶಿಕ್ಷಕಿ ಕನ್ನಡಿಯ ಮುಂದೆ ಇನ್ನೊಮ್ಮೆ ನಿಂತರು. ಅಕ್ಕ ನೀಲಿ ಟಾಪಿನ ಬೆನ್ನಿಗೆ ಪಿನ್ನು ಚುಚ್ಚಿ, ಖಣದ ಒಂದು ಪಟ್ಟಿಯನ್ನು ಸುಮ್ಮನೆ ಟೊಂಕಕ್ಕೆ ಸುತ್ತಿ ಹಿಡಿದರು. ಶಿಕ್ಷಕಿ ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. ಚೀಲ, ಹಗ್ಗದ ಮಾತು ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಸೋಮವಾರ ಹಾಕ್ಕೊಂಡು ಹೋದ್ರ ಹೆಡ್ ಮೇಡಂ ಏನಂತಾರೋ," ಎಂದರು.

"ಎಲ್ಲಿ ಹೊಲಸೀರಿ ಅಂತ ಕೇಳ್ತಾರ. ನನ್ನ ನಂಬರ್ ಕೊಡ್ರಿ."

ಚೀಟಿ ಬರೆಯುವಾಗ ಶಿಕ್ಷಕಿ ತಡೆದರು. "ಅಕ್ಕಾ, ಬೆಲ್ಟಿನ ಅಳತಿ 37ಕ್ಕೇ ಇಡಬ್ಯಾಡ್ರಿ. ಮುಂದ ಇನ್ನೂ ದಪ್ಪ ಆದ್ರ?"

"37 ಅಲ್ರೀ, ಟಾಪಿನ ಮ್ಯಾಲ ಕಟ್ಟೋದು, 39 ಹಿಡದೀನಿ. ಐದು ತೂತು ಹಾಕಿ ನಡುವಿಂದು ನಿಮ್ಮದು ಮಾಡ್ತೀನಿ. ಆಕಡೆ ಎರಡು, ಈಕಡೆ ಎರಡು. ಅದಕ್ಕೂ ಮೀರಿದ್ರ ಬಕ್ಕಲ್ ಹತ್ರ ಮೂರು ಇಂಚು ಬಟ್ಟಿ ಒಳಗ ಮಡಚಿ ಬಿಟ್ಟಿರ್ತೀನಿ. ತಗೊಂಡು ಬರ್ರಿ, ಬಿಚ್ಚಿ ಕೊಡ್ತೀನಿ."

ಆಯಿ ಸ್ಟೂಲಿನಿಂದೆದ್ದು ಟೇಬಲ್ಲಿನ ಹತ್ತಿರ ಬಂದು ಆ ಖಣದ ಪಟ್ಟಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇದಕ್ಕ ಎಷ್ಟು ತಗೋತಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಎರಡೂ ಕೈ ಸ್ವಲ್ಪ ಮೇಲೆತ್ತಿ ನಿಂತರು. ಅಕ್ಕ ಟೇಪನ್ನು ಅವರ ಸೀರೆಯ ಮೇಲಿಂದ ಸುತ್ತಿದರು.